ಜುಲೈನಲ್ಲಿ ನೀರು ಆರದಿದ್ದರೆ ಹಾಗೆಂದೇ ಬರೆಯಲಿ

ಮುಂಬಯಿಯಲ್ಲಿ ಶಾಲೆಯೂ ಮಳೆಯೂ ಜೂನ್‌ನಲ್ಲೇ ಶುರು. ನೀರು ಆವಿಯಾಗಿ ಹೋಗುವ ಆವೀಕರಣದ ಪ್ರಯೋಗ ಬರುವುದೂ ಬಹಳ ಕಡೆ ಈ ಒದ್ದೆ ತಿಂಗಳುಗಳಲ್ಲೇ. ನೀರು ಕಡಿಮೆಯಾದದ್ದು ಕಾಣಲಿಲ್ಲವೆಂದು ಮಕ್ಕಳು ಪುಸ್ತಕದ ಉತ್ತರವನ್ನೇ ಪ್ರಯೋಗದ ಜರ್ನಲ್‌ಗೆ ಇಳಿಸುತ್ತಾರೆ. ಡೊಂಬಿವಲಿ, ಮುಲುಂಡ್, ಮೀರಾ ರೋಡ್‌ನ ನಮ್ಮ ಕನ್ನಡದ ಅಪ್ಪ ಅಮ್ಮಂದಿರೇ, ದಯವಿಟ್ಟು ಇದಕ್ಕೆ ಕೈ ಜೋಡಿಸಬೇಡಿ.

ನೀರು ಕಡಿಮೆಯಾಗದಂತೆ ತೋರುವುದಕ್ಕೆ ತೇವದ ಗಾಳಿಯ ಜೊತೆ ಪಾತ್ರೆಯೂ ಕಾರಣ. 6 ಸೆಂ.ಮೀ. ಅಗಲದ ಲೋಟದಲ್ಲಿ ನೀರು 1 ಮಿ.ಮೀ. ಇಳಿದರೆ ಹೋಗುವುದು ಸುಮಾರು 3 ಗ್ರಾಂ, 20 ಸೆಂ.ಮೀ. ತಟ್ಟೆಯಲ್ಲಾದರೆ 31 ಗ್ರಾಂ. ಹಾಗಾಗಿ ಅಂಚಿರುವ, ತಳ ಸಮವಾಗಿರುವ ಒಂದೇ ಅಳತೆಯ ಮೂರು ಸ್ಟೀಲ್ ತಟ್ಟೆ ತನ್ನಿ. ಪ್ರತಿಯೊಂದಕ್ಕೂ 200 ಗ್ರಾಂ ನೀರು. ಒಂದು ಫ್ಯಾನ್ ಗಾಳಿಗೆ, ಇನ್ನೊಂದು ಅದೇ ಕೋಣೆಯಲ್ಲಿ ರಟ್ಟಿನ ಮರೆಗೆ, ಮೂರನೆಯದಕ್ಕೆ ಮುಚ್ಚಳ. ಮುಚ್ಚಿದ್ದರ ತೂಕವೂ ಬದಲಾದರೆ ತಕ್ಕಡಿಯನ್ನೋ ಮುಚ್ಚಳವನ್ನೋ ಅನುಮಾನಿಸಬೇಕು. ಒಂದನ್ನು ಎಸಿ ಕೋಣೆಯಲ್ಲಿಟ್ಟರೆ ಹೋಲಿಕೆಯೇ ಕೆಟ್ಟಿತು, ಎಸಿ ಗಾಳಿಯ ತೇವವನ್ನೂ ಹೀರುತ್ತದೆ. 1 ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಗಂಟೆಗೊಮ್ಮೆ ತೂಗಿ. 100 ಗ್ರಾಂ ಉಳಿದಾಗ ನಿಲ್ಲಿಸಿ. ಆಮೇಲೆ ತಳದ ಒಂದು ಭಾಗ ಒಣಗಿ ಮೇಲ್ಮೈ ಕಿರಿದಾಗುತ್ತದೆ, ಲೆಕ್ಕ ಜಾರುತ್ತದೆ.

ಗಾಳಿಯ ತೇವ ಅಳೆಯಲು ಎರಡು ಥರ್ಮಾಮೀಟರ್ ಪಕ್ಕದಲ್ಲಿರಲಿ. ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಫ್ಯಾನ್ ಗಾಳಿಯಲ್ಲಿ ಹತ್ತು ನಿಮಿಷ ಬಿಟ್ಟು ಓದಬೇಕು. ಅವಸರಪಟ್ಟರೆ ಪಾದರಸ ಇನ್ನೂ ಇಳಿಯುತ್ತಲೇ ಇರುತ್ತದೆ. ಒಣದು 28, ಒದ್ದೆಯದು 26 ಡಿಗ್ರಿ ಇದ್ದರೆ ತೇವಾಂಶ ಸುಮಾರು ಶೇ. 85. ಒದ್ದೆಯದು 20ಕ್ಕೆ ಇಳಿದರೆ ಶೇ. 48ರ ಹತ್ತಿರ. ಪುಣೆಯಲ್ಲಿ ನೆಂಟರಿದ್ದರೆ ಅಲ್ಲಿನ ಮಕ್ಕಳೂ ಅದೇ ದಿನ ಅಳೆಯಲಿ, ಎರಡೂರಿನ ಅಂಕಿ ಅಕ್ಕಪಕ್ಕ ಸಿಗುತ್ತದೆ. ಬಹಳ ಮಕ್ಕಳು ಬಿಡುವ ಇನ್ನೊಂದು ಸಂಗತಿ, ಫ್ಯಾನ್ ಕೆಳಗಿನ ತಟ್ಟೆಯ ನೀರು ತಾನೇ ತಣ್ಣಗಾಗುತ್ತದೆ. ಆ ಉಷ್ಣತೆಯನ್ನೂ ಬರೆದರೆ ವರದಿಗೆ ತೂಕ ಬರುತ್ತದೆ.

ಬಾಚಣಿಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗವನ್ನು ಮಾತ್ರ ಜನವರಿಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಮೇಲ್ಮೈಯ ತೇವದಿಂದ ವಿದ್ಯುದಾವೇಶ ಸೋರಿಹೋಗುತ್ತದೆ. ಆವೀಕರಣವನ್ನು ಜುಲೈನಲ್ಲೂ ಮಾಡಿ, ಅದೇ ತಟ್ಟೆಗಳಲ್ಲಿ ಜನವರಿಯಲ್ಲೂ ಮಾಡಿ. ನಿಧಾನವಾಗಿ ಆರಿದ ಜುಲೈನ ಅಂಕಿಯೇ ಆ ಪ್ರಾಜೆಕ್ಟಿನ ಜೀವ.

ಶಿಕ್ಷಕರಲ್ಲಿ ನನ್ನ ವಿನಂತಿ: ಅಂದವಾಗಿ ನಕಲು ಮಾಡಿದ ಪುಟಕ್ಕಿಂತ ಮೊದಲು, ಸಮಯ ಹಾಕಿ ಪೆನ್ನಿನಲ್ಲಿ ಬರೆದ ಕಚ್ಚಾ ಅಳತೆಯ ಹಾಳೆ ಕೇಳಿ. ತಪ್ಪಾದ ಅಂಕಿಯನ್ನು ಒಂದೇ ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಕಾರಣ ಬರೆದ ಮಗುವಿಗೆ ಅಂಕ ಕಡಿಯಬೇಡಿ.