ಫೋರ್ತ್ ಸೀಟ್

ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂದರೆ ಎರಡು ನಿಮಿಷ ಮಾತ್ರ ಹೇಳಬೇಕಂತೆ. ಈಗಿನ ಕೆಲಸ, ಹಿಂದಿನ ಕೆಲಸ, ಇಲ್ಲಿಗೆ ಯಾಕೆ ಬಂದದ್ದು. ಅಷ್ಟೇ. "ಅಜ್ಜ ಕುಂದಾಪುರದಿಂದ ಮುಂಬಯಿಯ ಮಾಟುಂಗಾಕ್ಕೆ ಬಂದು ಹೋಟೆಲಿನಲ್ಲಿ ಲೋಟ ತೊಳೆದದ್ದೆಲ್ಲ ಬೇಡ ಮಾವ" ಎಂದು ಅಕ್ಕನ ಮಗ ಮೊದಲೇ ಎಚ್ಚರಿಸಿದ್ದ. ನಮ್ಮೂರಲ್ಲಿ ಕೇಳುವುದು "ಯಾವ ಮನೆಯವರು?" ಅಂತ. ಅದಕ್ಕೆ ಅಜ್ಜನಿಂದಲೇ ಶುರು ಮಾಡಬೇಕು, ಅಲ್ವಾ?

ಇಂಟರ್‌ವ್ಯೂ ಇದ್ದದ್ದು ಚಕಾಲಾದಲ್ಲಿ, ಹನ್ನೊಂದಕ್ಕೆ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ರೈಲು, ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೊ. 2014ರಲ್ಲಿ ಈ ಮೆಟ್ರೊ ಬಂದ ಮೇಲೆ ದಾದರ್ ಸುತ್ತುವ ಕಷ್ಟ ತಪ್ಪಿದೆ. ಗಾಡಿಯಲ್ಲಿ ನಿಂತು "ನಿಮ್ಮ ದೌರ್ಬಲ್ಯ ಏನು?" ಎಂಬುದಕ್ಕೆ ಉತ್ತರ ಉರು ಹೊಡೆಯುತ್ತಿದ್ದೆ. ಇದಕ್ಕೆ ನಿಜ ಹೇಳಬಾರದಂತೆ. ಒಳ್ಳೇ ಗುಣವನ್ನೇ ಮುಖ ಸಣ್ಣ ಮಾಡಿಕೊಂಡು ಹೇಳಬೇಕಂತೆ. ಅಷ್ಟರಲ್ಲಿ ಘಾಟ್‌ಕೋಪರ್ ಬಂತು. ಬಾಗಿಲಿಗೂ ನನಗೂ ನಡುವೆ ಮೂರೇ ಬೆನ್ನು. ಆದರೆ ಇಳಿಯುವವರಿಗಿಂತ ಹತ್ತುವವರ ಜೋರು ಜಾಸ್ತಿ. ಕೊನೆಗೆ ಕುರ್ಲಾದಲ್ಲಿ ಉದುರಿದೆ. ಅಂಗಿಯ ಒಂದು ಗುಂಡಿ ಗಾಡಿಯ ಜೊತೆ ಕೊನೇ ನಿಲ್ದಾಣ ಸಿಎಸ್‌ಎಂಟಿಗೆ ಹೋಯಿತು.

ವಾಪಸ್ ಬಂದು ಆಫೀಸು ಮುಟ್ಟಿದಾಗ ಹನ್ನೊಂದೂವರೆ. ಮೇಡಂ ನೀರು ಕೊಟ್ಟರು. ಎರಡು ನಿಮಿಷದ ಪರಿಚಯ ಸುಸೂತ್ರ ಮುಗಿಯಿತು, ಅಜ್ಜ ಹೊರಗೇ ಉಳಿದ.

"ನಿಮ್ಮ ದೌರ್ಬಲ್ಯ?"

ಬಾಯಿಪಾಠ ತಾನಾಗೇ ಹೊರಬಂತು. "ಸಮಯದ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿನೇ ಸ್ಟ್ರಿಕ್ಟ್, ಮೇಡಂ."

ಅವರು ಗೋಡೆ ಗಡಿಯಾರ ನೋಡಿದರು. ನಾನೂ ನೋಡಿದೆ. ಅದು ಸುಮ್ನೆ ತನ್ನ ಪಾಡಿಗೆ ಓಡುತ್ತಿತ್ತು.

"ಐದು ವರ್ಷದ ನಂತರ ಎಲ್ಲಿರಬೇಕು ಅಂತ ಆಸೆ?"

ಇದಕ್ಕೂ ಉತ್ತರ ತಯಾರಿತ್ತು, ಗಡಿಯಾರ ನೋಡಿದ ಮೇಲೆ ಮರೆತೇ ಹೋಯಿತು. ಮೂರು ಜನರ ಬೆಂಚಿನ ತುದಿಗೆ ಅರ್ಧ ಕುಂಡೆ ಊರಿ, ಇನ್ನರ್ಧ ದೇವರ ಮೇಲೆ ಭಾರ ಹಾಕಿ ಕೂರುವುದೇ ಲೋಕಲ್‌ನ ಫೋರ್ತ್ ಸೀಟ್. ಎಷ್ಟೋ ವರ್ಷದಿಂದ ನನ್ನ ಪಾಲಿಗೆ ಅದೇ. ಅದೇ ನೆನಪಾಗಿ, "ಕಿಟಕಿ ಪಕ್ಕ" ಅಂದುಬಿಟ್ಟೆ.

"ಕ್ಯಾಬಿನ್ ಬೇಕಾ?" ಎಂದು ಅವರು ಏನೋ ಬರೆದುಕೊಂಡರು.

ಹಿಂತಿರುಗುವಾಗ ಘಾಟ್‌ಕೋಪರ್‌ನಲ್ಲಿ ಗಾಡಿ ಹತ್ತಿದೆ. ಬೆಂಚಿನವರು ಒಂದಿಷ್ಟು ಸರಿದರು. ಕೂತೆ, ಅರ್ಧ.

ಎದುರು ನಿಂತವನು ಮರಾಠಿಯಲ್ಲಿ ಕೇಳಿದ, "ಕುಠೆ ಉತರಣಾರ್?" ಎಲ್ಲಿ ಇಳೀತೀರಿ ಅಂತ.

"ಡೊಂಬಿವಲಿ" ಅಂದೆ, ತಡವರಿಸದೆ.