ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ವಾ? ಸತ್ಯಾಂಶ

"ಎಂಸಿಬಿ ಹಾಕಿಸಿದ್ದರೆ ಶಾಕ್ ಭಯವೇ ಇಲ್ಲ" ಅನ್ನೋ ಮೆಸೇಜ್ ನಮ್ಮ ಕೋಲಾರದ ಗ್ರೂಪುಗಳಲ್ಲಿ ಓಡಾಡುತ್ತಿದೆ. ತಪ್ಪು. ಎಂಸಿಬಿ ಅಂದ್ರೆ ಕರೆಂಟು ಮಿತಿ ಮೀರಿದರೆ ತಾನಾಗೇ ಆಫ್ ಆಗುವ ಸ್ವಿಚ್ಚು. ಅದು ಕಾಯುವುದು ವೈರನ್ನು, ನಿಮ್ಮನ್ನಲ್ಲ. ಓವರ್‌ಲೋಡ್ ಅಥವಾ ಶಾರ್ಟ್ ಸರ್ಕ್ಯೂಟ್ ಆದರೆ ಮಾತ್ರ ಬೀಳುತ್ತದೆ. ಮೈಯಲ್ಲಿ 0.1 ಆಂಪಿಯರ್ ಹರಿದರೂ ಜೀವ ಹೋಗಬಹುದು, ಆದರೆ 16 ಆಂಪಿಯರ್ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ.

ಅದನ್ನು ಹಿಡಿಯುವುದು ಕರೆಂಟು ಸೋರಿದರೆ ಆಫ್ ಆಗುವ ಬೇರೆ ಸ್ವಿಚ್ಚು, ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಹೋಲಿಸಿ, ಮನೆಗೆ ಹಾಕುವ 30 ಮಿಲಿಆಂಪಿಯರ್‌ನದಾದರೆ ಅಷ್ಟು ಸೋರುವಷ್ಟರಲ್ಲೇ ಲೈನ್ ಕಟ್ ಮಾಡುತ್ತದೆ. ಹಳೇ ಮನೆಗೂ ಹಾಕಿಸಬಹುದು, ಆದರೆ ನ್ಯೂಟ್ರಲ್ ವೈರುಗಳು ಕಲಸಿಹೋಗಿದ್ದರೆ ಸುಮ್ನೆ ಸುಮ್ನೆ ಟ್ರಿಪ್ ಆಗುತ್ತದೆ, ಲೈಸೆನ್ಸ್ ಇರುವವರ ಕೈಲೇ ಮಾಡಿಸಿ. ಅರ್ಥಿಂಗೂ ಬೇಕೇ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಮಣ್ಣು ಒಣಗುತ್ತದೆ ಅಲ್ವಾ, ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕುತ್ತಿರಿ.