ಮೆದುಳು ಕುಗ್ಗಿದೆ ಅಂದಮೇಲೆ ಏನಾದರೂ ಕೊಡಬೇಕಲ್ವಾ?

ಅಪ್ಪನ ಸ್ಕ್ಯಾನ್ ನೋಡಿ ಇಲ್ಲಿನ ಡಾಕ್ಟರ್ ಹೇಳಿದ್ದು ಇಷ್ಟೇ: "ಮೆದುಳು ಸ್ವಲ್ಪ ಕುಗ್ಗಿದೆ, ಈ ವಯಸ್ಸಿಗೆ ಸಹಜ." ಮಾತ್ರೆ ಇಲ್ಲ, ಪಥ್ಯ ಇಲ್ಲ. ದಿನಾ ನಡೆಯಿರಿ ಅಂದು ಕಂಪ್ಯೂಟರ್ ಕಡೆ ತಿರುಗಿದರು. ಹೊರಗೆ ಬಂದು ಅಪ್ಪ ಕೇಳಿದರು, "ಕುಗ್ಗಿದೆ ಅಂತಾರೆ, ಔಷಧಿ ಕೊಡಲ್ಲ, ಇದೆಂಥ ಡಾಕ್ಟರಯ್ಯಾ?"

ಡಾಕ್ಟರ್ ಹೇಳಿದ್ದೇನೂ ಸುಳ್ಳಲ್ಲ. 40 ದಾಟಿದ ಮೇಲೆ ಮೆದುಳು ಹತ್ತು ವರ್ಷಕ್ಕೆ ಸುಮಾರು 5% ಕುಗ್ಗುತ್ತದೆ, 70ರ ನಂತರ ಇನ್ನೂ ಜಾಸ್ತಿ. ಆದರೆ ಊರಿನ ಆಯುರ್ವೇದ ವೈದ್ಯರು ಹೀಗೆ ಬರಿಗೈಯಲ್ಲಿ ಕಳಿಸುತ್ತಿದ್ದರಾ? ನಾಡಿ ಹಿಡಿದು, ನಿದ್ದೆ ಹೇಗೆ, ಹೊಟ್ಟೆ ಹೇಗೆ, ಮನಸ್ಸಿಗೇನಾದರೂ ಬೇಜಾರಾ ಅಂತ ಕೇಳಿ, ಮುಪ್ಪಿನಲ್ಲಿ ವಾತ ಏರುತ್ತೆ, ವಾತ ಒಣಗಿಸುತ್ತೆ, ಅದಕ್ಕೆ ಜಿಡ್ಡು ಬೇಕು ಅಂತ ಅಪ್ಪನಿಗೆ ತಿಳಿಯುವ ಹಾಗೆ ಹೇಳುತ್ತಿದ್ದರು. ಬುದ್ಧಿಗೆಂದೇ ಚರಕ ಸಂಹಿತೆಯಲ್ಲಿ ನಾಲ್ಕು ರಸಾಯನಗಳಿವೆ: ಒಂದೆಲಗದ ರಸ, ಹಾಲಿನ ಜೊತೆ ಜೇಷ್ಠಮಧುವಿನ ಪುಡಿ, ಅಮೃತಬಳ್ಳಿ ರಸ, ಅರೆದ ಶಂಖಪುಷ್ಪಿ. ಅದರಲ್ಲಿ ಒಂದಾದರೂ ಕೈಗೆ ಬರುತ್ತಿತ್ತು.

ಅಪ್ಪ ಈಗ ತಮ್ಮ ಪಾಡಿಗೆ ತಾವೇ ಶುರು ಮಾಡಿದ್ದಾರೆ. ಬೆಳಿಗ್ಗೆ ಎಳ್ಳೆಣ್ಣೆ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು, ಹಳೇ ಪಂಚೆ ಸುತ್ತಿಕೊಂಡು, ನೆತ್ತಿಯಿಂದ ಅಂಗಾಲಿನ ತನಕ ನಿಧಾನಕ್ಕೆ ತಿಕ್ಕುತ್ತಾರೆ. ಬಿಪಿ ಮಾತ್ರೆ ನುಂಗಿದ್ದು ಮರೆತುಹೋಗುತ್ತದೆ, ಎಣ್ಣೆ ಮಾತ್ರ ಒಂದು ದಿನವೂ ಮರೆಯುವುದಿಲ್ಲ. ರಾತ್ರಿ ನಿದ್ದೆ ಚೆನ್ನಾಗಿದೆಯಂತೆ. ವಯಸ್ಸಾದವರಿಗೆ ಬೆಳಗಾದರೆ ಮಾಡಲು ಒಂದು ಕೆಲಸ ಬೇಕು. ಅದನ್ನು ಇಲ್ಲಿಯವರು ಚೀಟಿಯಲ್ಲಿ ಬರೆಯುವುದೇ ಇಲ್ಲ.

ಹಾಗಂತ ಎಣ್ಣೆಯಿಂದ ಮೆದುಳು ಮತ್ತೆ ತುಂಬಿಕೊಳ್ಳುತ್ತೆ ಅಂತ ನಾನು ಹೇಳುತ್ತಿಲ್ಲ. ನೆನಪಿಗೆ ಒಳ್ಳೆಯದು ಅನ್ನುವ ನೀರಬ್ರಾಹ್ಮಿ ಗಿಡದ ಮೇಲೂ ಪ್ರಯೋಗಗಳು ನಡೆದಿವೆ. 12 ವಾರ ತೆಗೆದುಕೊಂಡವರ ನೆನಪು ಅಷ್ಟಿಷ್ಟು ಸುಧಾರಿಸಿದ್ದು ಕೆಲವದರಲ್ಲಿ ಕಂಡಿದೆ, ಅಷ್ಟೇ. ನಮ್ಮಲ್ಲಿ ಬ್ರಾಹ್ಮಿ ಅಂತ ತಿನ್ನುವ ಒಂದೆಲಗ ಬೇರೆಯದೇ ಗಿಡ. ಬೇಡ ಅಂದರೂ ಒಪ್ಪಿಕೊಳ್ಳಬೇಕಾದ್ದು ಇನ್ನೊಂದಿದೆ. 2011ರಲ್ಲಿ ಅಮೆರಿಕದಲ್ಲಿ ವಯಸ್ಸಾದವರನ್ನು ಒಂದು ವರ್ಷ ನಡೆಸಿ ಸ್ಕ್ಯಾನ್ ಮಾಡಿದಾಗ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಮೆದುಳಿನ ಭಾಗ ಸುಮಾರು 2% ದೊಡ್ಡದಾಗಿತ್ತು. ನಡೆಯಿರಿ ಅಂತ ಡಾಕ್ಟರ್ ಸುಮ್ನೆ ಹೇಳಿರಲಿಲ್ಲ.

ಅದೇ ಡಾಕ್ಟರ್ ಬಿ12, ಥೈರಾಯ್ಡ್ ಪರೀಕ್ಷೆಗೂ ಬರೆದಿದ್ದರು, ಕಿವಿ ತೋರಿಸಲೂ ಕಳಿಸಿದ್ದರು. ಬಿ12 ಕಡಿಮೆ ಇತ್ತು, ಎಡಗಿವಿ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಊರಲ್ಲಿ ಇಷ್ಟು ವರ್ಷ "ಅಪ್ಪನಿಗೆ ಮರೆವು" ಅಂದುಕೊಂಡಿದ್ದೆವೇ ಹೊರತು ಕಿವಿಯ ಸುದ್ದಿ ಯಾರೂ ಎತ್ತಿರಲಿಲ್ಲ.

ಚಿಕ್ಕಪ್ಪ ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ ಭಸ್ಮದ (ಲೋಹ, ಖನಿಜ ಸುಟ್ಟು ಮಾಡುವ ಆಯುರ್ವೇದದ ಪುಡಿ) ಡಬ್ಬಿಯನ್ನು ಮಾತ್ರ ತೆಗೆದಿಟ್ಟಿದ್ದೇನೆ. ಆನ್‌ಲೈನ್‌ನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು 2008ರಲ್ಲಿ ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಚಿಕ್ಕಪ್ಪನಿಗೆ ಸಿಟ್ಟು ಬಂದಿದೆ, ಬರಲಿ.